ಒಂಬತ್ತನೆಯ ಕಾಲಂ

ಮೊದಲ ಗುಟುಕು ಗಂಟಲಿಳಿದು, ಎರಡನೆಯದರಲ್ಲಿ ಸಣ್ಣ ಸಣ್ಣ ಗಂಟುಗಳು ನಾಲಿಗೆಯ ಮೇಲೆ ಹೊರಳಾಡಿದಾಗಲೇ ಹಾಲು ಒಡೆದಿದೆ ಎಂಬುದು ಅವನಿಗೆ ತಿಳಿದದ್ದು. ಉಗುಳುವಂತಿಲ್ಲ, ಎದುರಿಗೆ ಹೆಂಡತಿ ಕೂತಿದ್ದಳು. ರಾತ್ರಿಯಿಡೀ ಫ್ರಿಜ್ಜು ಕೆಟ್ಟಿತ್ತು ಎಂದು ಲೋಟ ಕೊಡುವಾಗಲೇ ಹೇಳಿದ್ದಳು, "ಸ್ವಲ್ಪ ಮೂಸಿ ನೋಡಿ ಕುಡೀರಿ" ಎಂದೂ ಹೇಳಿದ್ದಳು. ಅವನು ಎಂದಿನ ಗತ್ತಿನಲ್ಲಿ ಲೋಟವನ್ನು ಮೂಗಿನ ಕೆಳಗೆ ಹಿಡಿದು, ಕಣ್ಣು ಅರೆ ಮುಚ್ಚಿ, ಉದ್ದಕ್ಕೆ ಉಸಿರೆಳೆದು, "ಚೆನ್ನಾಗೇ ಇದೆ" ಎಂದು ತೀರ್ಪು ಕೊಟ್ಟಾಗಿತ್ತು. ಈಗ ಆ ತೀರ್ಪನ್ನೇ ನುಂಗಬೇಕು. ನುಂಗಿದ. ಯಾರದೋ ಬಾಯಿಂದ ಬಂದದ್ದನ್ನು ಕುಡಿದ ಹಾಗಿತ್ತು, ಆದರೂ ಲೋಟ ಖಾಲಿ ಮಾಡಿ ಮೇಜಿನ ಮೇಲಿಟ್ಟ. ತಳದಲ್ಲಿ ಬಿಳಿಯ ಚೂರುಗಳು ಅಂಟಿಕೊಂಡಿದ್ದವು. ಹೆಂಡತಿ ಲೋಟ ಎತ್ತಿಕೊಂಡು ತಳ ನೋಡಿದಳು, ಅವನ ಮುಖ ನೋಡಿದಳು, ನಲ್ಲಿಯ ಕೆಳಗೆ ಹಿಡಿದು ತೊಳೆದಳು.

ಟೀ ಕಾಫಿ ಎರಡನ್ನೂ ಅವನು ಪರಿಸರ ಇಲಾಖೆಗೆ ಸೇರಿದ ವರ್ಷವೇ ಬಿಟ್ಟಿದ್ದ. ಮೂಗು ಮೊಂಡಾಗುತ್ತದೆ ಎಂದು. ಬೀಡಿ ಸಿಗರೇಟಂತೂ ದೂರದ ಮಾತು, ತಲೆಗೆ ವಾಸನೆಯ ಎಣ್ಣೆ ಹಚ್ಚಿದವನಲ್ಲ, ಮದುವೆಯ ದಿನ ಕೂಡ ಸೆಂಟು ಪೂಸಲು ಬಿಟ್ಟವನಲ್ಲ. ಆಫೀಸಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ, ಎಲ್ಲರಿಗೂ ಅವನು 'ಮೂಗು ಸಾಹೇಬರು'. ಮೋರಿಯ ನೀರನ್ನು ಒಮ್ಮೆ ಮೂಸಿ ಇದು ಚರ್ಮ ಹದ ಮಾಡುವಲ್ಲಿಂದ ಬಂದದ್ದು, ಇದು ಬಣ್ಣದ ಕಾರ್ಖಾನೆಯದು ಎಂದು ಹೇಳುತ್ತಿದ್ದ ಕಾಲವೊಂದಿತ್ತು. ಹೊಸದಾಗಿ ಬಂದ ಮೇಲಧಿಕಾರಿಗಳಿಗೆ ಅವನನ್ನು ಪರಿಚಯಿಸುವಾಗ ಜೇಬಿನಲ್ಲಿ ಏನಿದೆ ಹೇಳಿ ನೋಡೋಣ ಎಂದು ತಮಾಷೆ ಮಾಡುತ್ತಿದ್ದರು, ಅವನು ಶುಂಠಿ ಪೆಪ್ಪರಮೆಂಟು ಎಂದೋ ಹಳೇ ಕರವಸ್ತ್ರ ಎಂದೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಮೂರು ವರ್ಷದ ಹಿಂದೆ ಎಂಟು ದಿನ ಜ್ವರ ಬಂತು. ಒಂಬತ್ತನೆಯ ದಿನ ಎದ್ದು ಸ್ನಾನಕ್ಕೆ ಹೋದಾಗ ಸೋಪು ಬರೀ ಜಾರುವ ಕಲ್ಲಾಗಿತ್ತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದ. ಬಾಗಿಲು ಹಾಕಿಕೊಂಡು ಚಪ್ಪಲಿ ಮೂಸಿದ, ಈರುಳ್ಳಿ ಕುಯ್ದು ಮೂಸಿದ, ಕಸದ ಬುಟ್ಟಿಯಲ್ಲಿ ತಲೆ ತೂರಿಸಿ ಮೂಸಿದ. ಥೂ, ನಾಯಿ ಕೂಡ ಹಾಗೆ ಮಾಡಲಿಕ್ಕಿಲ್ಲ. ಏನೂ ಬರಲಿಲ್ಲ. ಡಾಕ್ಟರ ಹತ್ತಿರ ಹೋದರೆ ಚೀಟಿ ಬರೆಯುತ್ತಾರೆ, ಚೀಟಿ ಬರೆದರೆ ಆಫೀಸಿಗೆ ತಿಳಿಯುತ್ತದೆ, ತಿಳಿದರೆ ಹಳೇ ಕಡತಗಳ ಗೋದಾಮಿಗೆ ಹಾಕುತ್ತಾರೆ. ಅವನು ಯಾರಿಗೂ ಹೇಳಲಿಲ್ಲ.

ಹೇಳದೆ ಬದುಕಲು ಒಂದು ದಾರಿ ತಾನಾಗಿಯೇ ಸಿಕ್ಕಿತು. ಜನರ ಮುಖ. ವಾಸನೆ ಬಂದಾಗ ಮನುಷ್ಯನ ಮುಖದಲ್ಲಿ ಎಷ್ಟೊಂದು ನಡೆಯುತ್ತದೆ ಎಂಬುದು ಮೂಗಿದ್ದಾಗ ಅವನಿಗೆ ಗೊತ್ತೇ ಇರಲಿಲ್ಲ. ಮೂಗಿನ ಹೊಳ್ಳೆ ಅಗಲವಾಗುತ್ತದೆ, ಮೇಲ್ತುಟಿ ಒಂದು ಬದಿಗೆ ಏರುತ್ತದೆ, ಮಾತಿನ ನಡುವೆ ಉಸಿರು ಹಿಡಿದಿಟ್ಟುಕೊಂಡು ಮಾತು ತುಂಡಾಗುತ್ತದೆ. ಮಲ್ಲಿಗೆ ಇದ್ದರೆ ಹುಬ್ಬು ಸಡಿಲವಾಗುತ್ತದೆ, ಹೆಣ ಇದ್ದರೆ ಕಣ್ಣು ಕಿರಿದಾಗುತ್ತದೆ. ಅವನು ಪಕ್ಕದವರ ಮುಖ ಕದ್ದು ನೋಡಿ, ಅರೆಕ್ಷಣ ತಡೆದು, ಅವರಿಗಿಂತ ಜೋರಾಗಿ ಮುಖ ಸಿಂಡರಿಸುತ್ತಿದ್ದ. ಎಲ್ಲೂ ಎಡವಲಿಲ್ಲ. ಎಡವಿದ್ದು ಎರಡೇ ಕಡೆ, ಆ ಎರಡೂ ಈಗ ಒಂದೇ ಉರುಳಾಗಿ ಕೊರಳಿಗೆ ಬಿದ್ದಿದ್ದವು. ಒಂದು, ಇವತ್ತು ಹೋಗಬೇಕಾದ ಅಲ್ಯುಮಿನಿಯಂ ಕಾರ್ಖಾನೆ. ಇನ್ನೊಂದು, ತಂಗಿಯ ಮನೆ.

ತಂಗಿ ನಿನ್ನೆ ಸಂಜೆ ಫೋನ್ ಮಾಡಿದ್ದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು, ಬಚ್ಚಲಲ್ಲಿ ನಿಂತಿದ್ದಳೇನೋ. "ಅಣ್ಣ, ಪುಟ್ಟೀನ ಈಗ ಅಡುಗೆಮನೆ ಹಿಂದಿನ ಓಣೀಲಿ ಮಲಗಿಸ್ತಿದಾರೆ. ಪ್ಲಾಸ್ಟಿಕ್ ಹಾಳೆ ಹಾಸಿ. ಸಾಯಂಕಾಲ ನಾಲ್ಕು ಗಂಟೆ ಮೇಲೆ ಒಂದು ತೊಟ್ಟು ನೀರು ಕೊಡಬಾರದಂತೆ. ಮಗು ತುಟಿ ಎಲ್ಲ ಸೀಳಿ ಹೋಗಿದೆ. ಅಷ್ಟಾದ್ರೂ ವಾಸನೆ ಹೋಗಲಿಲ್ಲ. ನಾನು ನೆಲ ಒರೆಸಿದಷ್ಟೂ ಜಾಸ್ತಿ ಆಗತ್ತೆ." ಆಮೇಲೆ ದನಿ ಇನ್ನಷ್ಟು ತಗ್ಗಿಸಿ, "ಅವಳು ಮಾಡಿಲ್ಲ ಅಂತಾಳೆ ಅಣ್ಣ. ಮಲಗಿದ್ದಾಗ ಮುಟ್ಟಿ ನೋಡಿದೀನಿ, ಬಟ್ಟೆ ಒಣಗಿರತ್ತೆ. ಆದ್ರೆ ಅವತ್ತು ನೀನೇ ಹೇಳಿದೆಯಲ್ಲ," ಎಂದಳು. ಅವನು ಬರುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದ.

ಅವತ್ತು ಅಂದರೆ ನಾಲ್ಕು ತಿಂಗಳ ಹಿಂದೆ. ಭಾನುವಾರ. ತಂಗಿಯ ಮನೆಯ ಮಲಗುವ ಕೋಣೆಯಲ್ಲಿ ಎಲ್ಲರೂ ಬಾಗಿಲ ಹತ್ತಿರ ಗುಂಪುಗೂಡಿ ನಿಂತಿದ್ದರು. ತಂಗಿಯ ಅತ್ತೆ ಕೈಬೆರಳಿನಿಂದ ಮೂಗು ಹಿಂಡಿಕೊಂಡು, "ನೋಡಪ್ಪ, ನಮ್ಮ ಮಾತು ಬೇಡ. ನಿನ್ನ ಮೂಗು ಸರ್ಕಾರಾನೇ ನಂಬತ್ತೆ. ಏಳು ವರ್ಷದ ಕತ್ತೆ ಮಂಚದ ಕೆಳಗೆ ಹೋಗಿ ಹೊಯ್ಕೊತಾಳೆ, ಕೇಳಿದ್ರೆ ನಾನಲ್ಲ ಅಂತಾಳೆ. ನೀನೇ ಮೂಸಿ ಹೇಳು," ಎಂದಿದ್ದರು. ತಂಗಿಯ ಮಗಳು ಪುಟ್ಟಿ ಗೋಡೆಗೆ ಬೆನ್ನು ಹಚ್ಚಿ ನಿಂತು ಅವನನ್ನೇ ನೋಡುತ್ತಿದ್ದಳು. ಸೋದರಮಾವ ಬಂದಿದ್ದಾನೆ, ಇನ್ನು ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಅವಳ ಮುಖದಲ್ಲಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಅದನ್ನು ಓದಲು ಯಾವ ಅನುಭವವೂ ಬೇಕಿರಲಿಲ್ಲ. ಅವನು ಮಂಡಿಯೂರಿ, ಮಂಚದ ಕೆಳಗೆ ಬಗ್ಗಿ, ನೆಲದ ಹತ್ತಿರ ಮೂಗು ತಂದು ಉಸಿರೆಳೆದ. ಒದ್ದೆ ಸಿಮೆಂಟಿನ ತಂಪು ಬಿಟ್ಟರೆ ಏನೂ ಇಲ್ಲ. ತಲೆಯೆತ್ತಿ ಮುಖಗಳನ್ನು ನೋಡಿದ. ತಂಗಿ ಉಸಿರು ಹಿಡಿದಿದ್ದಳು. ಭಾವನ ಮೇಲ್ತುಟಿ ಏರಿತ್ತು. ಮುದುಕಿ ಗೆದ್ದವರ ಹಾಗೆ ನಿಂತಿದ್ದರು. ಏನೋ ಇದೆ ಎಂಬುದು ಖಂಡಿತ. ಏನು ಎಂಬುದನ್ನು ಮುದುಕಿ ಆಗಲೇ ಹೇಳಿಯಾಗಿತ್ತು. "ಹೌದು," ಎಂದ ಅವನು, "ಉಚ್ಚೆಯದೇ." ಮಗು ಗೋಡೆಯಿಂದ ಬೆನ್ನು ತೆಗೆಯಲಿಲ್ಲ. ಅವಳು ಅಳಲೂ ಇಲ್ಲ, ಒಮ್ಮೆ ತನ್ನ ಲಂಗವನ್ನೇ ಮುಟ್ಟಿ ನೋಡಿಕೊಂಡಳು, ತಾನೇ ಮಾಡಿರಬಹುದೇನೋ ಎಂದು.

ಜೀಪು ಗೇಟಿನ ಮುಂದೆ ಹಾರನ್ ಮಾಡಿದಾಗ ಅವನು ಇನ್ನೂ ಬಾಯಿ ಮುಕ್ಕಳಿಸುತ್ತಿದ್ದ. ಹಲ್ಲಿನ ಸಂದಿಯಿಂದ ಹಾಲಿನ ಚೂರು ಬರುತ್ತಲೇ ಇತ್ತು. ಆಫೀಸಿನ ಕಾಗದಪತ್ರ ಮುಗಿಸಿ ಕಾರ್ಖಾನೆಯ ಕಡೆ ಹೊರಟಾಗ ಮಧ್ಯಾಹ್ನ ಎರಡು ದಾಟಿತ್ತು. ಡ್ರೈವರು ಮಾತಿನ ಮಲ್ಲ, ದಾರಿಯುದ್ದಕ್ಕೂ ತನ್ನ ಹೆಂಡತಿಯ ಅಣ್ಣ ಕೊಂಡ ಸ್ಕೂಟರು ಎರಡನೇ ದಿನವೇ ಕೈಕೊಟ್ಟ ಕಥೆ ಹೇಳುತ್ತಿದ್ದ. ಅವನು ಹೂಂಗುಟ್ಟುತ್ತ ಮಡಿಲಲ್ಲಿದ್ದ ಕಡತ ತಿರುವಿದ. ಕಾರ್ಖಾನೆಯಲ್ಲಿ ಹಳೇ ಪಾತ್ರೆ, ಕಿಟಕಿಯ ಚೌಕಟ್ಟು, ಡಬ್ಬಿಗಳನ್ನೆಲ್ಲ ಉಪ್ಪಿನ ಜೊತೆ ಕುಲುಮೆಗೆ ಹಾಕಿ ಕರಗಿಸುತ್ತಾರೆ. ಕರಗಿದ ಲೋಹದ ಮೇಲೆ ಬೂದು ಬಣ್ಣದ ಕೆನೆ ಕಟ್ಟುತ್ತದೆ. ಅದನ್ನು ಉದ್ದನೆಯ ಹುಟ್ಟಿನಿಂದ ಕೆರೆದು ಹೊರಗೆ ಹಾಕಿದರೆ ಆರಿದ ಮೇಲೆ ಪುಡಿಯಾಗುವ ಗಟ್ಟಿಗಳಾಗುತ್ತವೆ. ಅದಕ್ಕೆ ಕಿಟ್ಟ ಅನ್ನುತ್ತಾರೆ. ನೀರು ಸೋಕಿದಾಗ ಕಿಟ್ಟದಿಂದ ವಾಸನೆಯ ಗಾಳಿ ಬಂದರೆ ಅದು ಅಪಾಯಕಾರಿ ತ್ಯಾಜ್ಯ, ದಪ್ಪ ಹಾಳೆ ಹಾಸಿದ ಗುಂಡಿಯಲ್ಲಿ ಮುಚ್ಚಬೇಕು. ಬರದಿದ್ದರೆ ಅದು ಉಪ ಉತ್ಪನ್ನ, ತಗ್ಗು ತುಂಬಲು, ಇಟ್ಟಿಗೆಗೆ, ರಸ್ತೆಗೆ ಕೊಡಬಹುದು. ಲ್ಯಾಬಿನ ಯಂತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು, ಆದ್ದರಿಂದ ನಿಯಮದಲ್ಲಿ 'ಅನುಭವಿ ಅಧಿಕಾರಿಯ ಘ್ರಾಣ ಪರೀಕ್ಷೆ' ಸಾಕೆಂದು ಸೇರಿಸಿದ್ದರು. ಒಂದು ಬಕೆಟ್ಟು, ನಾಲ್ಕು ಹಿಡಿ ಕಿಟ್ಟ, ಎರಡು ಚೊಂಬು ನೀರು, ಮೇಲೊಂದು ಮುಚ್ಚಳ. ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದು ಮೂಸಿ ನಮೂನೆಯ ಒಂಬತ್ತನೆಯ ಕಾಲಂ ತುಂಬಬೇಕು. ಒಂಬತ್ತನೆಯ ಕಾಲಂ: ವಾಸನೆ. ಅವನ ಕೈಬರಹದಲ್ಲಿ ಹನ್ನೆರಡು ಸಲ, ಮೂರು ತಿಂಗಳಿಗೊಮ್ಮೆ, ಒಂದೇ ಅಳತೆಯಲ್ಲಿ, 'ಇಲ್ಲ'.

ಮೊದಲನೆಯ 'ಇಲ್ಲ' ಜ್ವರದಿಂದೆದ್ದ ಮರುವಾರ ಬರೆದದ್ದು. ಅವತ್ತೂ ಮುಚ್ಚಳ ತೆಗೆದಾಗ ಅವನು ಮುಖಗಳನ್ನು ನೋಡಿದ್ದ. ಮ್ಯಾನೇಜರು ನಗುಮುಖದಿಂದ ನಿಂತಿದ್ದರು, ಕುಲುಮೆಯ ಆಳುಗಳು ಕಲ್ಲಿನ ಹಾಗೆ ನಿಂತಿದ್ದರು. ಯಾರ ಹೊಳ್ಳೆಯೂ ಅಲುಗಲಿಲ್ಲ. ಹದಿನೈದು ವರ್ಷ ಅದರಲ್ಲೇ ಬೆಂದವರ ಮೂಗು ಏಕೆ ಅಲುಗುತ್ತದೆ ಎಂದು ಆಗ ಹೊಳೆಯಲಿಲ್ಲ. ಇಲ್ಲ, ಹೊಳೆದಿತ್ತು. ಹೊಳೆದದ್ದನ್ನು ಒಳಗೆ ತಳ್ಳಿ ಬಾಗಿಲು ಹಾಕಿಕೊಂಡಿದ್ದ. ಯಾಕೆಂದರೆ ಬಕೆಟ್ಟಿನ ಮೇಲೆ ಬಗ್ಗಿದಾಗಲೆಲ್ಲ ಅವನ ಕಣ್ಣು ಉರಿಯುತ್ತಿತ್ತು, ಮೂಗಿನೊಳಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಧೂಳು ಅಂದುಕೊಂಡ, ಕುಲುಮೆಯ ಝಳ ಅಂದುಕೊಂಡ. ನಮೂನೆಯಲ್ಲಿ ವಾಸನೆಗೆ ಕಾಲಂ ಇತ್ತು, ಕಣ್ಣಿಗೆ ಇರಲಿಲ್ಲ. ಕಾರ್ಖಾನೆಯಲ್ಲಿ ಅವನು ಹನಿ ನೀರು ಮುಟ್ಟುತ್ತಿರಲಿಲ್ಲ, ಮನೆಯಿಂದ ಬಾಟಲಿ ಒಯ್ಯುತ್ತಿದ್ದ, ಅವರ ಕುರ್ಚಿಯಲ್ಲಿ ಕೂರುತ್ತಲೂ ಇರಲಿಲ್ಲ. ಬೇರೆಯವರಿಗೆ ಕೈ ಬೆಚ್ಚಗೆ ಮಾಡಿ ಬರೆಸಿಕೊಳ್ಳಬೇಕಾದ್ದನ್ನು ಈ ಶುದ್ಧಹಸ್ತ ಪುಕ್ಕಟೆ ಬರೆದುಕೊಡುತ್ತಿದ್ದ. ಆ ಕಿಟ್ಟವೇ ಲಾರಿಗಟ್ಟಲೆ ಹೋಗಿ ಊರಾಚೆಯ ತಗ್ಗು ತುಂಬಿತು, ತಗ್ಗಿನ ಮೇಲೆ ಸಾಲುಮನೆಗಳೆದ್ದವು. "ಅಣ್ಣ, ಆ ಜಾಗ ಹೇಗೆ, ನಿಂಗೆ ಗೊತ್ತಿರತ್ತಲ್ಲ," ಎಂದು ತಂಗಿ ಕೇಳಿದಾಗ ಅವನು ಎದೆಯುಬ್ಬಿಸಿ, "ನಾನೇ ಮೂಸಿ ನೋಡಿರೋ ಮಣ್ಣು, ಕಣ್ಣುಮುಚ್ಚಿ ತಗೋ," ಎಂದಿದ್ದ.

ಮ್ಯಾನೇಜರು ಗೇಟಿಗೇ ಬಂದು ಕಾದಿದ್ದರು. ಇವತ್ತಿನದು ಬರೀ ಮೂರು ತಿಂಗಳ ತಪಾಸಣೆಯಲ್ಲ, ಐದು ವರ್ಷದ ಪರವಾನಗಿ ನವೀಕರಣ. ಅವನ ಒಂದು ಸಹಿ ಬಿದ್ದರೆ ಮುಂದಿನ ಐದು ವರ್ಷ ಯಾರೂ ಇಲ್ಲಿ ಬಕೆಟ್ಟು ಇಡುವ ಹಾಗಿಲ್ಲ. "ಸಾಲುಮನೆ ಎರಡನೇ ಹಂತ ಶುರು ಆಗ್ತಿದೆ ಸಾರ್, ಪಕ್ಕದಲ್ಲೇ ಸ್ಕೂಲಿನ ಆಟದ ಮೈದಾನ ಬೇರೆ. ಎಲ್ಲರಿಗೂ ನಮ್ಮದೇ ಮಾಲು ಬೇಕಂತೆ," ಎಂದು ಕೈ ಉಜ್ಜಿಕೊಂಡರು. ಅಂಗೈಗಳು ಬೆವರಿ ಅಂಟಂಟಾಗಿದ್ದದ್ದು ಕೈಕುಲುಕುವಾಗ ತಿಳಿಯಿತು. ಅವನು ಜೇಬಿನೊಳಗೇ ಕೈ ಒರೆಸಿಕೊಂಡ. ಮೂಗು ಹೋದಮೇಲೆ ಹೇಸಿಗೆಯೆಲ್ಲ ಚರ್ಮಕ್ಕೂ ಕಣ್ಣಿಗೂ ಇಳಿದಿತ್ತು. ಮ್ಯಾನೇಜರ ಕಿವಿಯೊಳಗಿನ ಕೂದಲು, ಆಳುಗಳ ಉಗುರುಸಂದಿಯ ಬೂದಿ, ಗೋಡೆಯ ಮೂಲೆಯಲ್ಲಿ ಯಾರೋ ಉಗುಳಿ ಒಣಗಿದ ಕಲೆ, ಎಲ್ಲ ಒಂದೊಂದಾಗಿ ಬಂದು ಮೈಗೆ ಮೆತ್ತಿಕೊಳ್ಳುತ್ತಿದ್ದವು. ವಾಸನೆಯಿದ್ದ ಕಾಲದಲ್ಲಿ ಹೇಸಿಗೆಗೆ ಒಂದು ಮಿತಿಯಿತ್ತು, ದೂರ ಹೋದರೆ ಮುಗಿಯುತ್ತಿತ್ತು. ಈಗ ಅದು ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯುತ್ತಿರಲಿಲ್ಲ, ಬಹುಶಃ ತನ್ನಿಂದಲೇ ಇರಬೇಕು.

ಬಕೆಟ್ಟು ತಯಾರಾಗಿತ್ತು. ಆಳು ಚೀಲದಿಂದ ನಾಲ್ಕು ಹಿಡಿ ಕಿಟ್ಟ ಹಾಕಿದ, ಎರಡು ಚೊಂಬು ನೀರು ಸುರಿದ, ಮುಚ್ಚಿದ. ಒಳಗೆ ಸಣ್ಣಗೆ ಕುದಿಯುವ ಸದ್ದು. ಅವನು ಗಡಿಯಾರ ನೋಡುತ್ತ ನಿಂತ, ತಂಗಿಯ ಮಾತು ತಲೆಯಲ್ಲಿ ಸುತ್ತುತ್ತಿತ್ತು, ಒರೆಸಿದಷ್ಟೂ ಜಾಸ್ತಿ ಆಗತ್ತೆ, ಒರೆಸಿದಷ್ಟೂ. ಒರೆಸುವುದು ನೀರಿನಿಂದ. ಹತ್ತು ನಿಮಿಷವಾಯಿತು. ಮುಚ್ಚಳ ತೆಗೆದ ಹೊತ್ತಿಗೆ ಸರಿಯಾಗಿ, ಅವನು ಜೀಪಿನಲ್ಲೇ ಮರೆತು ಬಂದ ಸಹಿಯ ಪೆನ್ನು ಹಿಡಿದುಕೊಂಡು ಡ್ರೈವರು ಶೆಡ್ಡಿನೊಳಗೆ ಬಂದ. ಹನ್ನೆರಡು ಸಲವೂ ಗೇಟಿನ ಹೊರಗೇ ನಿದ್ದೆ ಹೊಡೆದವನು. ಎರಡು ಹೆಜ್ಜೆ ಇಟ್ಟು ಗಕ್ಕನೆ ನಿಂತು, ಅಂಗಿಯ ತೋಳಿನಿಂದ ಮೂಗು ಮುಚ್ಚಿಕೊಂಡ. "ಅಯ್ಯಪ್ಪಾ, ಏನ್ ಸಾರ್ ಇದು, ಇಲ್ಲೇ ಯಾರೋ ಉಚ್ಚೆ ಹೊಯ್ದಿದಾರೆ. ಬಸ್‌ಸ್ಟ್ಯಾಂಡ್ ಪಾಯಿಖಾನೆ ವಾಸಿ."

ಆಳುಗಳಲ್ಲೊಬ್ಬ ನಗಲು ಹೋಗಿ ತಡೆದುಕೊಂಡ. ಅವನು ಡ್ರೈವರನ ಮುಖವನ್ನೇ ನೋಡುತ್ತಿದ್ದ. ಹೊಳ್ಳೆ, ತುಟಿ, ಕಣ್ಣು, ಒಂದೂ ಬಾಕಿಯಿರಲಿಲ್ಲ, ಇದೇ ಮುಖವನ್ನು ನಾಲ್ಕು ತಿಂಗಳ ಹಿಂದೆ ಮಲಗುವ ಕೋಣೆಯ ಬಾಗಿಲಲ್ಲಿ ಮೂವರಲ್ಲೂ ನೋಡಿದ್ದ. ಉಚ್ಚೆಯದೇ ಎಂದು ಅವತ್ತು ಎಷ್ಟು ಸಲೀಸಾಗಿ ಹೇಳಿದ್ದ, ನಾಲಿಗೆ ತಡವರಿಸಿರಲಿಲ್ಲ. ತಾನು ಊರಿಗೆ ಹಂಚಿದ ಕಿಟ್ಟದ ಮೇಲೆ ತಂಗಿ ನೀರು ಹಾಕಿ ಒರೆಸಿದ್ದಾಳೆ, ಅದರ ನಾತವನ್ನು ತಾನೇ ಹೋಗಿ ಮಗುವಿನ ತಲೆಗೆ ಕಟ್ಟಿ ಬಂದಿದ್ದಾನೆ.

"ಡ್ರೈವರಿಗೆ ನೆಗಡಿ ಇರಬೇಕು ಸಾರ್," ಎಂದರು ಮ್ಯಾನೇಜರು. "ನಿಮ್ಮ ಮೂಗಿಗಿಂತ ದೊಡ್ಡದುಂಟಾ? ಬರೀರಿ."

"ಈ ಚೀಲದಿಂದ ಸ್ವಲ್ಪ ಕಿಟ್ಟ ಕೊಡಿ. ಡಬ್ಬಿಯಲ್ಲಿ," ಎಂದ ಅವನು.

"ಯಾಕೆ ಸಾರ್? ಯಾವತ್ತೂ ತಗೊಂಡಿಲ್ಲ."

"ಇವತ್ತು ಬೇಕು."

ಮ್ಯಾನೇಜರು ಆಳುಗಳನ್ನು ಕಣ್ಸನ್ನೆಯಲ್ಲೇ ಕಳಿಸಿ, ಅವನ ತೋಳು ಹಿಡಿದು ಗೋಡೆಯ ಬದಿಗೆ ಕರೆದೊಯ್ದರು. ದನಿ ಬಹಳ ಮೃದುವಾಗಿತ್ತು, ಕಾಯಿಲೆಯವರನ್ನು ಮಾತಾಡಿಸುವ ಹಾಗೆ. "ಸಾರ್, ನಾವು ನಿಮ್ಮ ಮೇಲೆ ತುಂಬಾ ಗೌರವ ಇಟ್ಟೋರು. ಮೊದಲನೇ ದಿನಾನೇ ನಮಗೆ ಗೊತ್ತಾಯ್ತು. ನೀವು ಬಕೆಟ್ಟು ನೋಡಲ್ಲ, ನಮ್ಮ ಮುಖ ನೋಡ್ತೀರಿ. ಅವತ್ತಿಂದ ಹುಡುಗರಿಗೆಲ್ಲ ಹೇಳಿದೀನಿ, ಸಾಹೇಬರು ಮುಚ್ಚಳ ತೆಗೆದಾಗ ಯಾರೂ ಮಿಸುಕಬಾರದು ಅಂತ. ನಾವು ಯಾರಿಗಾದ್ರೂ ಹೇಳಿದ್ವಾ? ಇಲ್ಲ. ಈಗ ನೀವು ವಾಸನೆ ಇದೆ ಅಂತ ಬರೆದ್ರೆ ಮೇಲಿನೋರು ಒಂದೇ ಪ್ರಶ್ನೆ ಕೇಳ್ತಾರೆ, ಮೂರು ವರ್ಷ ನಿಮ್ಮ ಮೂಗು ಎಲ್ಲಿ ಹೋಗಿತ್ತು? ಯೋಚನೆ ಮಾಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಮೂರು ವರ್ಷ ಇವರೆದುರು ಅವನು ಹನ್ನೆರಡು ಸಲ ಕಣ್ಣು ಅರೆ ಮುಚ್ಚಿ ಉಸಿರೆಳೆದು ನಾಟಕವಾಡಿದ್ದ, ಇವರು ಹನ್ನೆರಡು ಸಲ ಸಾಲಾಗಿ ನಿಂತು ನೋಡಿದ್ದರು. ಅವನ ಜೀಪು ಗೇಟು ದಾಟಿದ ಮೇಲೆ ಎಷ್ಟು ನಕ್ಕಿರಬೇಡ. ಯಾರೋ ಒಬ್ಬ ಅವನ ಹಾಗೇ ಉಸಿರೆಳೆದು ತೋರಿಸಿರಬೇಕು. ನೀರಿನ ಬಾಟಲಿಯನ್ನೂ ಬಿಟ್ಟಿರಲಿಕ್ಕಿಲ್ಲ. ಬೆತ್ತಲೆ ಓಡಾಡುವವನಿಗೆ ಬಟ್ಟೆ ಚೆನ್ನಾಗಿದೆ ಎಂದು ಹೊಗಳಿದಂತೆ ಇವರು ತನ್ನನ್ನು ಹೊಗಳುತ್ತ ಬಂದರಲ್ಲ. ಅವಮಾನಕ್ಕೆ ಕಿವಿಯ ತುದಿ ಬಿಸಿಯಾಯಿತು. ಆದರೆ ಅದರ ಜೊತೆಯಲ್ಲೇ, ಅವನಿಗೇ ಹೇಸಿಗೆ ಬರುವ ಹಾಗೆ, ಒಂದು ಸಮಾಧಾನವೂ ಸುಳಿಯಿತು. ಇವರು ಯಾರಿಗೂ ಹೇಳಿಲ್ಲ. ಈಗಲೂ ಹೇಳುವುದಿಲ್ಲ. ಎರಡಕ್ಷರ ಬರೆದರೆ ಎಲ್ಲ ಇದ್ದ ಹಾಗೇ ಇರುತ್ತದೆ, ಮಗುವನ್ನು ಬೇಕಾದರೆ ಕೆಲವು ದಿನ ತನ್ನ ಮನೆಗೆ ಕರೆತಂದರಾಯಿತು. ಡ್ರೈವರು ತಂದ ಪೆನ್ನು ಆಗಲೇ ಕೈಯಲ್ಲಿತ್ತು. ಒಂಬತ್ತನೆಯ ಕಾಲಮಿನ ಮೇಲೆ ಅದರ ತುದಿ ಬಂದು ನಿಂತೂ ಆಗಿತ್ತು. ಕೈಗೆ ಎಷ್ಟು ರೂಢಿಯಾಗಿತ್ತೆಂದರೆ 'ಇ' ಅಕ್ಷರ ತಾನಾಗಿಯೇ ಬಿತ್ತು.

ಅವನು ಅದನ್ನು ನೋಡಿದ. ಇದೆ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಅಲ್ಲಿಯವರೆಗೆ ಬರಹ ಒಂದೇ. ಅಲ್ಲಿಗೇ ಪೆನ್ನು ಎತ್ತಿ, ನಮೂನೆ ಮಡಚಿ ಜೇಬಿಗೆ ತುರುಕಿ, ತಾನೇ ಬಗ್ಗಿ ಬರಿಗೈಯಲ್ಲಿ ಕಿಟ್ಟ ಬಾಚಿ ಅಲ್ಲೇ ಬಿದ್ದಿದ್ದ ಹಳೇ ಡಬ್ಬಿಗೆ ತುಂಬಿಕೊಂಡ. "ಸಂಜೆ ಆಫೀಸಿಗೆ ಬರೆದು ಕಳಿಸ್ತೀನಿ," ಎಂದಷ್ಟೇ ಹೇಳಿ ಹೊರಟ. ಮ್ಯಾನೇಜರು ಹಿಂದೆ ಬರಲಿಲ್ಲ. ಜೀಪಿನಲ್ಲಿ ಡ್ರೈವರು ಕೀಲಿ ತಿರುಗಿಸುತ್ತ, "ನಾನೇನಾದ್ರೂ ತಪ್ಪು ಮಾತಾಡಿದ್ನಾ ಸಾರ್?" ಎಂದು ಕೇಳಿದ. ಇಲ್ಲ, ತಂಗಿ ಮನೆ ಕಡೆ ತಿರುಗಿಸು ಎಂದ ಅವನು.

ಸಾಲುಮನೆಗಳೆಲ್ಲ ಒಂದೇ ಅಚ್ಚಿನವು, ಬಾಗಿಲ ಬಣ್ಣ ಮಾತ್ರ ಬೇರೆ. ಅವನು ಹೋದಾಗ ನಾಲ್ಕೂಕಾಲು. ಮಗು ಆಗಷ್ಟೇ ಶಾಲೆಯಿಂದ ಬಂದು ಚೀಲವನ್ನೂ ಇಳಿಸದೆ ಮೆಟ್ಟಿಲ ಮೇಲೆ ಕೂತಿತ್ತು. ಅವನನ್ನು ಕಂಡು ಓಡಿ ಬರಲಿಲ್ಲ, ಎದ್ದು ಬದಿಗೆ ಸರಿದು ದಾರಿ ಬಿಟ್ಟಿತು. ಕೆಳತುಟಿಯ ನಡುವೆ ಸೀಳು, ಅದರಲ್ಲಿ ಒಣಗಿದ ರಕ್ತದ ಗೆರೆ. ಅವನು ತಲೆ ನೇವರಿಸಲು ಹೋಗಿ, ಕೈಯಲ್ಲಿ ಕಿಟ್ಟದ ಬೂದಿಯಿದ್ದದ್ದು ನೋಡಿ ಹಿಂದೆಗೆದ. ಒಳಗೆ ಮಲಗುವ ಕೋಣೆಯಲ್ಲಿ ತಂಗಿಯ ಅತ್ತೆ ಕುರ್ಚಿಯಲ್ಲಿ ಕೂತಿದ್ದರು, ಭಾವ ಕೆಲಸದಿಂದ ಬರಲು ಇನ್ನೂ ಹೊತ್ತಿತ್ತು. ಅವನು ಕೂರಲಿಲ್ಲ, ಕ್ಷೇಮ ವಿಚಾರಿಸಲಿಲ್ಲ. ಜೀಪಿನಿಂದ ತಂದ ಸ್ಕ್ರೂಡ್ರೈವರನ್ನು ಮಂಚದ ಕಾಲಿನ ಹತ್ತಿರದ ಬಿರುಕಿಗೆ ಹಾಕಿ ಮೀಟಿದ. ಸಿಮೆಂಟು ಬಿಸ್ಕತ್ತಿನ ಹಾಗೆ ಮುರಿದು ಬಂತು, ಕೆಳಗೆ ಬೂದು ಪುಡಿ. "ಎರಡು ಬಕೆಟ್ ತಾ, ನೀರು ತಾ," ಎಂದು ತಂಗಿಗೆ ಹೇಳಿದ. ನೆಲದ ಪುಡಿ ಒಂದರಲ್ಲಿ, ಡಬ್ಬಿಯದು ಇನ್ನೊಂದರಲ್ಲಿ. ನೀರು ಹಾಕಿ ತಟ್ಟೆ ಮುಚ್ಚಿದ. ಹತ್ತು ನಿಮಿಷ ಅವನು ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತೇ ಇದ್ದ. ಬಾಗಿಲ ಸಂದಿಯಿಂದ ಮಗು ಇಣುಕುತ್ತಿತ್ತು.

ಮೊದಲನೆಯ ತಟ್ಟೆ ತೆಗೆದಾಗ ತಂಗಿ ಎರಡು ಹೆಜ್ಜೆ ಹಿಂದೆ ಸರಿದಳು. ಮುದುಕಿ ಬಗ್ಗಿ ಮೂಸಿ, ತಲೆಯಾಡಿಸಿದರು. "ಕಂಡಿರಾ? ನೆಲದೊಳಗೂ ಇಳಿದುಬಿಟ್ಟಿದೆ. ಎಷ್ಟು ಹೊಯ್ದಿರಬೇಡ ಮುಂಡೇದು."

"ಈಗ ಇದನ್ನ ಮೂಸಿ ಅಮ್ಮ," ಎಂದು ಅವನು ಎರಡನೆಯ ತಟ್ಟೆ ತೆಗೆದ.

ಮುದುಕಿ ಮೂಸಿದರು. ಮತ್ತೊಮ್ಮೆ ಮೂಸಿದರು. "ಇದೂ ಅದೇ."

"ಇದು ಕಾರ್ಖಾನೇದು. ಈಗ ತಂದೆ. ಪುಟ್ಟಿ ಅಲ್ಲಿಗೆ ಯಾವತ್ತೂ ಹೋಗಿಲ್ಲ. ಇದನ್ನೇ ನಿಮ್ಮ ಮನೆ ನೆಲಕ್ಕೆ ತುಂಬಿದಾರೆ. ನೀರು ಬಿದ್ದಾಗಲೆಲ್ಲ ಅಮೋನಿಯಾ ಅನ್ನೋ ಗಾಳಿ ಬರತ್ತೆ, ಅದಕ್ಕೆ ಥೇಟ್ ಉಚ್ಚೆ ವಾಸನೆ. ಮಗು ಏನೂ ಮಾಡಿಲ್ಲ. ಇಲ್ಲಿ ಯಾರೂ ಮಲಗಬಾರದು, ಇವತ್ತೇ ಎಲ್ಲ ನಮ್ಮ ಮನೆಗೆ ಬನ್ನಿ."

ಮುದುಕಿ ಬಕೆಟ್ಟಿನಿಂದ ಬಕೆಟ್ಟಿಗೆ ಕಣ್ಣು ಹೊರಳಿಸಿದರು. ಅವರು ಕೆಟ್ಟವರೇನಲ್ಲ, ಲೆಕ್ಕ ತಪ್ಪಿದವರ ಹಾಗೆ ಗಲಿಬಿಲಿಗೊಂಡಿದ್ದರು ಅಷ್ಟೆ. "ಮತ್ತೆ ಅವತ್ತು ನೀನೇ ಬಗ್ಗಿ ಮೂಸಿ ಉಚ್ಚೇದೇ ಅಂದೆಯಲ್ಲಪ್ಪ. ನಾನು ನಿನ್ನ ಮಾತಿನ ಮೇಲೆ ತಾನೆ ಮಗೂಗೆ ನೀರು ನಿಲ್ಲಿಸಿದ್ದು?"

ಹೇಳಬೇಕಾದ್ದು ಒಂದೇ ವಾಕ್ಯ. ಮೂರು ವರ್ಷ ಹೆಂಡತಿಗೆ ಹೇಳದ್ದು, ಒಡೆದ ಹಾಲಿನ ಜೊತೆ ನುಂಗಿದ್ದು. "ನನಗೆ ಮೂಗಿಲ್ಲ," ಎಂದ. ಮಾತು ಹೊರಗೆ ಬಂದಾಗ ಎಷ್ಟು ಬಡಕಲಾಗಿತ್ತೆಂದರೆ ಅವನಿಗೇ ನಾಚಿಕೆಯಾಯಿತು. "ಜ್ವರ ಬಂದಾಗ ಹೋಯ್ತು. ನನಗೆ ಏನೂ ವಾಸನೆ ಬರಲ್ಲ. ಅವತ್ತು ನಿಮ್ಮೆಲ್ಲರ ಮುಖ ನೋಡಿ ಹೇಳಿದೆ. ಇಲ್ಲಿಗೆ ತುಂಬಿದ ಈ ಮಣ್ಣಿಗೂ ಹಾಗೇ ಸಹಿ ಹಾಕಿದ್ದೆ."

ಮುದುಕಿ ಕುರ್ಚಿಗೆ ಒರಗಿದರು. ತಂಗಿ ನಿಂತಲ್ಲೇ ನಿಂತಿದ್ದಳು. ಅವಳ ಮೇಲ್ತುಟಿ ಒಂದು ಬದಿಗೆ ಏರಿತು, ಹೊಳ್ಳೆ ಅಗಲವಾಯಿತು, ಕಣ್ಣು ಕಿರಿದಾಯಿತು. ಬಕೆಟ್ಟಿನ ಕಡೆ ತಿರುಗಿರಲಿಲ್ಲ ಆ ಮುಖ, ಅವನ ಕಡೆಗಿತ್ತು. ಇಷ್ಟು ವರ್ಷ ಮುಖ ಓದಿಯೇ ಅನ್ನ ತಿಂದವನಿಗೆ ಅದನ್ನು ಓದುವುದು ಕಷ್ಟವಾಗಲಿಲ್ಲ. "ನನ್ನ ಕೈಯಿಂದಲೇ ಅವಳ ಕೈಯಲ್ಲಿದ್ದ ಲೋಟ ಕಿತ್ಕೊಂಡಿದೀನಿ ಅಣ್ಣ," ಎಂದಳು. ಆಮೇಲೆ ಅವನಿಗೆ ಬೆನ್ನು ತಿರುಗಿಸಿ ಮಗಳ ಬಟ್ಟೆಗಳನ್ನು ಮಡಚತೊಡಗಿದಳು.

ಅವನು ಜೇಬಿನಿಂದ ನಮೂನೆ ತೆಗೆದು ಮೊಣಕಾಲ ಮೇಲೆ ಹರಡಿದ. ಅರ್ಧಕ್ಕೆ ನಿಂತಿದ್ದ 'ಇ' ಅಕ್ಷರದ ಮುಂದೆ 'ದೆ' ಎಂದು ಬರೆದ. ಕಾಲಂ ಸಾಲದೆ ಅಂಚಿನಲ್ಲಿ ಬರೆದ, ಪರೀಕ್ಷಿಸಿದ ಅಧಿಕಾರಿಗೆ ಮೂರು ವರ್ಷದಿಂದ ಘ್ರಾಣಶಕ್ತಿ ಇಲ್ಲ, ಹಿಂದಿನ ಹನ್ನೆರಡು ವರದಿಗಳನ್ನು ನಂಬತಕ್ಕದ್ದಲ್ಲ. ಕೆಳಗೆ ಸಹಿ ಹಾಕಿದ. ಎದೆ ಹಗುರವಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ. ಬಾಯಲ್ಲಿ ಬೆಳಗಿನ ಹಾಲು ಹಾಗೆಯೇ ಇತ್ತು.

ತಲೆಯೆತ್ತಿದಾಗ ಮಗು ಬಾಗಿಲ ಸಂದಿಯಿಂದ ಒಳಗೆ ಬಂದು ಬಕೆಟ್ಟಿನ ಹತ್ತಿರ ನಿಂತಿತ್ತು. ದೊಡ್ಡವರ ಮಾತು ಅದಕ್ಕೆಷ್ಟು ತಿಳಿಯಿತೋ. ಅದರ ಬಾಯಿಂದಲೇ ಒಮ್ಮೆ ಕೇಳಬೇಕು, ಇವರೆಲ್ಲರ ಎದುರು ಕೇಳಬೇಕು ಎನಿಸಿತು ಅವನಿಗೆ. "ಪುಟ್ಟಿ, ಹೆದರಬೇಡ. ಇಲ್ಲಿ ಬಗ್ಗಿ ಮೂಸಿ ಮಾವನಿಗೆ ಹೇಳು. ಎಂಥ ವಾಸನೆ ಬರ್ತಿದೆ?"

ಮಗು ಬಗ್ಗಿತು. ಉಸಿರೆಳೆಯಿತು. ತಕ್ಷಣ ಮುಖವೆತ್ತಿ ಅಜ್ಜಿಯನ್ನು ನೋಡಿತು, ತಾಯಿಯ ಬೆನ್ನು ನೋಡಿತು, ಕೊನೆಗೆ ಅವನ ಮುಖವನ್ನು ನೋಡಿತು, ಬಹಳ ಹೊತ್ತು, ಹೊಳ್ಳೆ, ತುಟಿ, ಕಣ್ಣು ಒಂದೊಂದನ್ನೇ ಹುಡುಕುವ ಹಾಗೆ. ಅದರ ಎರಡೂ ಕಣ್ಣಿನಿಂದ ಉರಿಗೆ ನೀರು ಸುರಿಯುತ್ತಿತ್ತು.

"ಇಲ್ಲ ಮಾವ," ಎಂದಿತು. "ಏನೂ ವಾಸನೆ ಇಲ್ಲ."

ಅವನು ಏನಾದರೂ ಹೇಳುವ ಮೊದಲೇ ಅದು ಗೋಡೆಯ ಗಡಿಯಾರದ ಕಡೆ ಒಮ್ಮೆ ನೋಡಿ, ಒಡೆದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, "ಸರಿಯಾಗಿ ಹೇಳಿದ್ನಲ್ಲ. ಈಗ ನೀರು ಕುಡೀಬಹುದಾ?" ಎಂದು ಕೇಳಿತು. ತಂಗಿ ಕೈಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿ ದೊಡ್ಡ ಲೋಟದ ತುಂಬ ನೀರು ತಂದುಕೊಟ್ಟಳು. ಮಗು ಎರಡೂ ಕೈಯಲ್ಲಿ ಲೋಟ ಹಿಡಿದು ಬಾಯಿಯವರೆಗೆ ತಂದಿತು, ಆದರೆ ಕುಡಿಯಲಿಲ್ಲ. ಲೋಟದ ಅಂಚಿನ ಮೇಲಿಂದ ಅವನ ಮುಖವನ್ನೇ ನೋಡುತ್ತ ಕಾದು ನಿಂತಿತು. ತನ್ನ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.